ಹುಂಜಗಳ ಲೆಕ್ಕ

ಕಳೆದ ಕ್ರಿಸ್ಮಸ್ ಹಬ್ಬದ ಹಿಂದಿನ ದಿನ ಸಂಜೆ ನಮ್ಮ ಹಿತ್ತಿಲಿನಲ್ಲಿ ನಾಲ್ಕು ಹುಂಜಗಳನ್ನು ಬುಟ್ಟಿಯ ಕೆಳಗೆ ಮುಚ್ಚಿಟ್ಟಿದ್ದೆವು. ರಜೆಗೆಂದು ಊರಿಗೆ ಬಂದಿದ್ದ ನನ್ನ ಒಂಬತ್ತು ವರ್ಷದ ಮೊಮ್ಮಗಳು ಬುಟ್ಟಿಯ ಸಂದಿನಿಂದ ಅವುಗಳನ್ನು ನೋಡುತ್ತಾ ಬಹಳ ಹೊತ್ತು ಕುಳಿತಿದ್ದಳು. ಬಳಿಕ ನನ್ನ ಕಡೆ ತಿರುಗಿ, "ಮುತ್ಯಾ, ಇವಕ್ಕ ದಿನಾ ಜ್ವಾಳ ಹಾಕಾಂವನೂ ನೀನೇ, ಕೊಯ್ಯಾಂವನೂ ನೀನೇ ಏನು?" ಎಂದು ಕೇಳಿದಳು. ಮೂವತ್ತು ವರ್ಷಗಳ ಕಾಲ ಮಕ್ಕಳಿಗೆ ಪಾಠ ಹೇಳಿದವನು ನಾನು. ಆದರೂ ಆ ಕ್ಷಣದಲ್ಲಿ ನನಗೆ ಉತ್ತರ ಹೊಳೆಯಲಿಲ್ಲ. ಆಕೆ ಕೇಳಿದ್ದು ಕುತೂಹಲದ ಪ್ರಶ್ನೆಯಾಗಿರಲಿಲ್ಲ, ನ್ಯಾಯದ ಪ್ರಶ್ನೆಯಾಗಿತ್ತು. ನಂಬಿ ಬಳಿಗೆ ಬರುವ ಜೀವವನ್ನು ಅದೇ ನಂಬಿಕೆಯ ಸಹಾಯದಿಂದ ಹಿಡಿದು ಕೊಲ್ಲುವುದು ದ್ರೋಹವಲ್ಲವೇ ಎಂಬುದೇ ಆ ಮಾತಿನ ಅರ್ಥ.

ನಮ್ಮ ಸೊಸೆ ಒಳಗಿನಿಂದಲೇ ಒಂದು ಪರಿಹಾರ ಸೂಚಿಸಿದಳು. ಮಗು ಅಳುವುದು ಬೇಡ, ಹುಂಜಗಳನ್ನು ಯಾರಿಗಾದರೂ ಮಾರಿಬಿಡೋಣ, ಕಲಬುರಗಿಯಿಂದ ಸ್ವಚ್ಛ ಮಾಡಿದ ಮಾಂಸ ತಂದರಾಯಿತು ಎಂದಳು. ಅದು ಪ್ರೀತಿಯಿಂದ ಆಡಿದ ಮಾತು. ಆದರೆ ಅದನ್ನು ಕೇಳಿದಾಗ ನನ್ನ ಮನಸ್ಸು ಮತ್ತಷ್ಟು ಕದಡಿತು. ಕಣ್ಣೆದುರಿನ ನಾಲ್ಕು ಕೋಳಿಗಳ ಬಗ್ಗೆ ನಮಗಿರುವ ಸಂಕೋಚವು ಕಣ್ಣಿಗೆ ಕಾಣದ ಕೋಳಿಗಳ ಬಗ್ಗೆ ಏಕಿಲ್ಲ? ಕೊಲ್ಲುವ ಕೈ ಬೇರೆಯವರದಾದ ಮಾತ್ರಕ್ಕೆ ತಿನ್ನುವ ಬಾಯಿ ನಿರಪರಾಧಿಯಾಗುತ್ತದೆಯೇ? ಪ್ರಿಯ ಓದುಗರೇ, ಈ ಪ್ರಶ್ನೆಯನ್ನು ಅಂದಿನಿಂದ ನನ್ನೊಳಗೇ ಇಟ್ಟುಕೊಂಡು ನೋಡುತ್ತಿದ್ದೇನೆ. ಕೋಳಿ ಸಾಕದ ಮನೆಯವರಿಗೂ ಇದು ಸಂಬಂಧಿಸಿದ ವಿಚಾರವೆಂದು ತೋರಿದ್ದರಿಂದ ನಿಮ್ಮ ಮುಂದಿಡುತ್ತಿದ್ದೇನೆ.

ನಮ್ಮದು ಘತ್ತರಗಿಯ ಸಮೀಪ, ಭೀಮಾ ನದಿಯ ದಂಡೆಯಿಂದ ತುಸು ದೂರದಲ್ಲಿರುವ ಸಣ್ಣ ಹೊಲಮನೆ. ಭಾಗ್ಯವಂತಿ ದೇವಿಯ ದರ್ಶನಕ್ಕೆ ಬರುವ ಯಾತ್ರಿಕರಿಂದ ಈ ಊರು ದೂರದವರಿಗೂ ಪರಿಚಿತ. ಜೋಳ, ತೊಗರಿ ಬೆಳೆಯುವ ಈ ಸೀಮೆಯಲ್ಲಿ ಒಕ್ಕಲುತನವಿರುವ ಮನೆಯೆಂದರೆ ತಿಪ್ಪೆಯ ಮೇಲೆ ನಾಲ್ಕಾರು ಜವಾರಿ ಕೋಳಿಗಳು ಕೆದಕುತ್ತಿರಲೇಬೇಕು. ನಮ್ಮ ಅವ್ವನ ಕಾಲದಲ್ಲಿ ಕೋಳಿಗೆಂದು ಯಾರೂ ಪ್ರತ್ಯೇಕವಾಗಿ ಹಣ ಖರ್ಚು ಮಾಡುತ್ತಿರಲಿಲ್ಲ. ಕಣದಲ್ಲಿ ಚೆಲ್ಲಿದ ಕಾಳು, ಮೊರದಿಂದ ಬಿದ್ದ ನುಚ್ಚು, ಮಣ್ಣಿನ ಹುಳುಗಳೇ ಅವುಗಳ ಆಹಾರ. ರಾತ್ರಿ ಬುಟ್ಟಿಯ ಕೆಳಗೆ ಮುಚ್ಚಿ ಮೇಲೊಂದು ಕಲ್ಲು ಇಟ್ಟರೆ ಬೆಕ್ಕು, ಮುಂಗುಸಿಗಳ ಭಯವಿಲ್ಲ. ತತ್ತಿ ಮಾರಿ ಬಂದ ಹಣ ಹೆಣ್ಣುಮಕ್ಕಳದು. ಆ ಹಣವನ್ನು ಗಂಡಸರು ಕೇಳುವ ವಾಡಿಕೆ ಇರಲಿಲ್ಲ. ನನ್ನ ಮೊದಲ ಪಾಟಿ, ಬಳಪ ಆ ಹಣದಿಂದಲೇ ಬಂದವು.

ಜವಾರಿ ಹೇಂಟೆಯು ಹತ್ತು ಹದಿನೈದು ಮೊಟ್ಟೆಗಳನ್ನಿಟ್ಟು ಕಾವಿಗೆ ಕೂಡುತ್ತದೆ. ಇಪ್ಪತ್ತೊಂದು ದಿನ ಅದು ಗೂಡು ಬಿಟ್ಟೇಳುವುದು ದಿನಕ್ಕೊಮ್ಮೆ, ನೀರು ಕುಡಿದು ನಾಲ್ಕು ಕಾಳು ತಿನ್ನಲು ಮಾತ್ರ. ಮೊಟ್ಟೆಗಳನ್ನು ತಾನೇ ಕೊಕ್ಕಿನಿಂದ ಹೊರಳಿಸುತ್ತದೆ. ನಮ್ಮ ಕಡು ಬೇಸಿಗೆಯಲ್ಲಿ ಕಾವಿಗಿಟ್ಟರೆ ಮೊಟ್ಟೆಗಳು ಬಹಳಷ್ಟು ಕೆಡುತ್ತವೆ. ಆದ್ದರಿಂದ ಮಳೆ ಬಿದ್ದು ನೆಲ ತಂಪಾದ ಮೇಲೆಯೇ ಕಾವಿಗೆ ಕೂಡಿಸುವುದು ಹಿರಿಯರ ಪದ್ಧತಿ. ಕಳೆದ ವರ್ಷ ನಾವೂ ಹಾಗೆಯೇ ಮಾಡಿದೆವು. ಹನ್ನೊಂದು ಮೊಟ್ಟೆಗಳಲ್ಲಿ ಒಂಬತ್ತು ಮರಿಯಾದವು. ಒಂದನ್ನು ಹದ್ದು ಒಯ್ದಿತು, ಇನ್ನೊಂದು ಮಳೆಯ ನೀರಿನಲ್ಲಿ ತೊಯ್ದು ಸತ್ತಿತು. ಉಳಿದ ಏಳರಲ್ಲಿ ಮೂರು ಹೇಂಟೆಗಳು, ನಾಲ್ಕು ಹುಂಜಗಳು. ಬುಟ್ಟಿಯ ಕೆಳಗಿದ್ದದ್ದು ಆ ನಾಲ್ಕೇ.

ಹೀಗೆ ಹೇಳಿದರೆ ಲೆಕ್ಕ ಸರಳವಾಗಿ ಕಾಣುತ್ತದೆ. ಆದರೆ ಧರ್ಮದ ಪ್ರಶ್ನೆ ಅಡಗಿರುವುದೇ ಆ ಲೆಕ್ಕದಲ್ಲಿ. ಮಾಂಸ ತಿನ್ನುವುದು ಸರಿಯಲ್ಲವೆಂದು ತೋರಿದ ಅನೇಕ ಸಜ್ಜನರು, ನಾವು ಮೊಟ್ಟೆಗಾಗಿ ಮಾತ್ರ ಕೋಳಿ ಸಾಕುತ್ತೇವೆ, ಕೊಲ್ಲುವುದಿಲ್ಲ ಎನ್ನುತ್ತಾರೆ. ನಾನೂ ಒಮ್ಮೆ ಹಾಗೆಯೇ ನಿಶ್ಚಯಿಸಿದ್ದೆ. ಆದರೆ ಮೊಟ್ಟೆಯಿಡುವ ಹೇಂಟೆ ಬೇಕಾದರೆ ಮರಿ ಮಾಡಿಸಬೇಕು. ಮರಿ ಮಾಡಿಸಿದರೆ ಹೆಚ್ಚುಕಡಿಮೆ ಅರ್ಧದಷ್ಟು ಹುಂಜಗಳಾಗುತ್ತವೆ. ಹತ್ತು ಹೇಂಟೆಗಳಿಗೆ ಒಂದು ಹುಂಜ ಸಾಕು. ಹೆಚ್ಚಾದ ಹುಂಜಗಳು ಬೆಳೆದಂತೆ ಪರಸ್ಪರ ರಕ್ತ ಬರುವಂತೆ ಕಾದಾಡುತ್ತವೆ, ಹೇಂಟೆಗಳ ಬೆನ್ನಿನ ಗರಿ ಕಿತ್ತು ಹೈರಾಣ ಮಾಡುತ್ತವೆ. ಹಾಗಾದರೆ ಆ ಹುಂಜಗಳ ಗತಿಯೇನು? ಮೊಟ್ಟೆ ಮಾತ್ರ ತಿನ್ನುವವನು ಆ ಪ್ರಶ್ನೆಯನ್ನು ಬಿಡಿಸಿದಂತಾಗಲಿಲ್ಲ, ಅದನ್ನು ನೋಡದೆ ಮುಂದೆ ನಡೆದಂತಾಯಿತು.

ದೊಡ್ಡ ಪ್ರಮಾಣದ ಮೊಟ್ಟೆ ಉದ್ಯಮವು ಇದಕ್ಕೆ ತನ್ನದೇ ಆದ ಉತ್ತರವನ್ನು ಕಂಡುಕೊಂಡಿದೆ. ಮೊಟ್ಟೆಗೆಂದೇ ಬೆಳೆಸಿದ ತಳಿಯ ಹುಂಜ ಮೈದುಂಬಿಕೊಳ್ಳುವುದಿಲ್ಲ, ಅದನ್ನು ಸಾಕುವುದು ನಷ್ಟ. ಆದ್ದರಿಂದ ಜಗತ್ತಿನ ಹೆಚ್ಚಿನ ಕಡೆ ಮೊಟ್ಟೆಯೊಡೆದು ಬಂದ ದಿನವೇ ಮರಿಗಳನ್ನು ಬೇರ್ಪಡಿಸಿ ಗಂಡುಮರಿಗಳನ್ನು ಕೊಲ್ಲಲಾಗುತ್ತದೆ. ಜರ್ಮನಿ ದೇಶವು 2021ರಲ್ಲಿ ಶಾಸನ ಮಾಡಿ, 2022ರ ಜನವರಿ 1ರಿಂದ ಈ ಪದ್ಧತಿಯನ್ನು ನಿಷೇಧಿಸಿತು. ಅಲ್ಲಿ ಈಗ ಮೊಟ್ಟೆಯೊಳಗಿರುವಾಗಲೇ ಗಂಡು ಹೆಣ್ಣು ಗುರುತಿಸುವ ಯಂತ್ರಗಳು ಬಂದಿವೆ. ಒಂದು ದೇಶ ಶಾಸನ ಮಾಡುವಷ್ಟು ಗಂಭೀರವಾದ ಈ ಸಂಗತಿ ನಮ್ಮ ಊಟದ ತಟ್ಟೆಯಲ್ಲಿ ಮಾತ್ರ ಎಲ್ಲಿಯೂ ಕಾಣುವುದಿಲ್ಲ. ಬೆಳ್ಳಗಿನ ಮೊಟ್ಟೆ ಬಹಳ ನಿರ್ದೋಷಿಯಾಗಿ ಕಾಣುತ್ತದೆ. ಅದರ ಹಿಂದೆಯೂ ಒಂದು ಹುಂಜದ ಲೆಕ್ಕವಿದೆ ಎಂಬುದನ್ನು ಹಿತ್ತಿಲ ಬುಟ್ಟಿ ನನಗೆ ಕಲಿಸಿತು.

ಇಲ್ಲಿಂದ ಮುಂದಿನ ಹೆಜ್ಜೆ ಇನ್ನೂ ಕಠಿಣವಾದದ್ದು. ಸಾಕುವವನ ಹೊಣೆ ಮರಿ ಹುಟ್ಟಿದ ಮೇಲೆ ಆರಂಭವಾಗುತ್ತದೆಂದು ನಾವು ತಿಳಿದಿದ್ದೇವೆ. ಆದರೆ ತಳಿ ಬೆಳೆಸುವವನು ಮರಿ ಹುಟ್ಟುವುದಕ್ಕೆ ಮೊದಲೇ ಅದರ ಬದುಕು ಹೇಗಿರಬೇಕೆಂದು ತೀರ್ಮಾನಿಸಿಬಿಡುತ್ತಾನೆ. ಯಾವ ಹುಂಜವನ್ನು ಯಾವ ಹೇಂಟೆಯೊಡನೆ ಕೂಡಿಸುತ್ತಾನೋ ಅದರಂತೆ ಮುಂದಿನ ಮರಿಯ ಎಲುಬು, ಹೃದಯ, ಹಸಿವು, ಸ್ವಭಾವಗಳು ರೂಪುಗೊಳ್ಳುತ್ತವೆ. ನಮ್ಮ ಮನೆಯ ಕೋಳಿಗಳ ಮೂಲ ಪೂರ್ವಜನಾದ ಕೆಂಪು ಕಾಡುಕೋಳಿ ವರ್ಷಕ್ಕೆ ಒಂದು ಡಜನ್ ಆಸುಪಾಸು ಮೊಟ್ಟೆಯಿಡುವ ಹಕ್ಕಿ. ಇಂದಿನ ಉದ್ಯಮದ ಹೇಂಟೆ ಮುನ್ನೂರಕ್ಕೂ ಮಿಗಿಲಾಗಿ ಇಡುತ್ತದೆ. ಅಷ್ಟು ಚಿಪ್ಪಿಗೆ ಬೇಕಾದ ಸುಣ್ಣದಂಶವು ಆಹಾರದಿಂದ ಸಾಲದಾದಾಗ ಅದರ ಎಲುಬಿನಿಂದಲೇ ಕರಗಿ ಬರುತ್ತದೆ. ಅಂತಹ ಹೇಂಟೆಗಳ ಎಲುಬುಗಳು ಸುಲಭವಾಗಿ ಮುರಿಯುತ್ತವೆ.

ಮಾಂಸದ ಕೋಳಿಯ ಕಥೆಯೂ ಇದೇ. ಕೆನಡಾ ದೇಶದ ಆಲ್ಬರ್ಟಾ ವಿಶ್ವವಿದ್ಯಾನಿಲಯದ ವಿಜ್ಞಾನಿಗಳು 1957, 1978 ಮತ್ತು 2005ರ ಕಾಲದ ತಳಿಗಳನ್ನು ಒಂದೇ ಬಗೆಯ ಆಹಾರ ಕೊಟ್ಟು ಬೆಳೆಸಿ ನೋಡಿದರು. ಐವತ್ತಾರನೆಯ ದಿನ ಅವುಗಳ ಸರಾಸರಿ ತೂಕ ಕ್ರಮವಾಗಿ 905 ಗ್ರಾಂ, 1,808 ಗ್ರಾಂ ಮತ್ತು 4,202 ಗ್ರಾಂ ಎಂದು 2014ರಲ್ಲಿ ಪ್ರಕಟಿಸಿದರು. ಅಂದರೆ ಅರ್ಧ ಶತಮಾನದೊಳಗೆ ಮನುಷ್ಯನು ಈ ಹಕ್ಕಿಯ ದೇಹವನ್ನು ನಾಲ್ಕು ಪಟ್ಟಿಗಿಂತಲೂ ವೇಗವಾಗಿ ಬೆಳೆಯುವಂತೆ ಮಾಡಿದ್ದಾನೆ. ಅದರ ಕಾಲು ಮತ್ತು ಹೃದಯಗಳು ಆ ಭಾರವನ್ನು ಹೊರಲು ಹೆಣಗುತ್ತವೆ. ಅವುಗಳ ತಂದೆತಾಯಿ ಹಕ್ಕಿಗಳಿಗೆ ಹೊಟ್ಟೆ ತುಂಬ ತಿನ್ನಲು ಬಿಟ್ಟರೆ ಅತಿಯಾದ ತೂಕದಿಂದ ಸಂತಾನ ಕೊಡಲಾರವು. ಆದ್ದರಿಂದ ಅವುಗಳನ್ನು ಅಳತೆಯ ಹಸಿವಿನಲ್ಲಿಯೇ ಇಡಬೇಕಾಗುತ್ತದೆ. ಹೊಟ್ಟೆಗೆ ಹಾಕಿದರೂ ಕಷ್ಟ, ಹಾಕದಿದ್ದರೂ ಕಷ್ಟ ಎಂಬಂತಹ ದೇಹವನ್ನು ಹುಟ್ಟಿಸಿದ ಮೇಲೆ, ನಾವು ಅದನ್ನು ದಯೆಯಿಂದ ಸಾಕುತ್ತೇವೆ ಎಂಬ ಮಾತಿಗೆ ಅರ್ಥ ಉಳಿಯುತ್ತದೆಯೇ?

ಹೀಗೆಂದ ಮಾತ್ರಕ್ಕೆ ತಳಿ ಸುಧಾರಣೆಯೆಲ್ಲವೂ ಕೆಟ್ಟದ್ದೆಂದು ನಾನು ಹೇಳಲಾರೆ. ಬೆಂಗಳೂರಿನ ಹೆಬ್ಬಾಳದಲ್ಲಿ ನಮ್ಮ ವಿಜ್ಞಾನಿಗಳು ರೂಪಿಸಿದ ಗಿರಿರಾಜ ಕೋಳಿ ಬಡವರ ಹಿತ್ತಿಲಿಗೆಂದೇ ಬಂದ ಹಕ್ಕಿ. 2005ರಲ್ಲಿ ಸ್ವರ್ಣಧಾರಾ ಬಂದಿತು. ಜವಾರಿ ಹೇಂಟೆ ವರ್ಷಕ್ಕೆ ಐವತ್ತು ಅರವತ್ತು ಮೊಟ್ಟೆ ಕೊಟ್ಟರೆ ಗಿರಿರಾಜ ಸುಮಾರು 130ರಿಂದ 150 ಕೊಡುತ್ತದೆ. ನೆಲದ ಮೇಲೆ ತಿರುಗಾಡಿ ಮೇಯುತ್ತದೆ, ಹಳ್ಳಿಯ ಬದುಕಿಗೆ ಹೊಂದಿಕೊಳ್ಳುತ್ತದೆ. ವಿಧವೆಯೊಬ್ಬಳು ಹತ್ತು ಗಿರಿರಾಜ ಮರಿಗಳಿಂದ ಮಗನ ಶಾಲೆಯ ಖರ್ಚು ತೂಗಿಸಿದ್ದನ್ನು ನಾನೇ ಕಂಡಿದ್ದೇನೆ. ಆದರೆ ಅಲ್ಲಿಯೂ ಒಂದು ನಷ್ಟವಿದೆ. ಈ ಹೇಂಟೆಗಳು ಜವಾರಿಯಂತೆ ಕಾವಿಗೆ ಕೂಡುವುದಿಲ್ಲ. ಬೆರಕೆ ತಳಿಯಾದ್ದರಿಂದ ಅವುಗಳ ಮೊಟ್ಟೆಯನ್ನು ಮರಿ ಮಾಡಿಸಿದರೂ ಮರಿಗಳಲ್ಲಿ ಅದೇ ಗುಣ ಉಳಿಯುವುದಿಲ್ಲ. ಪ್ರತಿ ಸಲವೂ ಕೇಂದ್ರದಿಂದಲೇ ಮರಿ ತರಬೇಕು. ಮೊಟ್ಟೆ ಹೆಚ್ಚಾಯಿತು, ತಾಯ್ತನ ಹೋಯಿತು. ಬಡವನ ಹಸಿವಿನ ಮುಂದೆ ಈ ಬೆಲೆ ಸಣ್ಣದೆಂದು ಹೇಳಬಹುದು. ಆದರೆ ಅದನ್ನು ಬೆಲೆಯೆಂದು ಒಪ್ಪಿಕೊಂಡು ಕೊಡಬೇಕೇ ಹೊರತು ಇಲ್ಲವೆಂದು ನಟಿಸಬಾರದು.

ನನ್ನ ಸ್ವಂತ ತಪ್ಪೊಂದನ್ನು ಇಲ್ಲಿ ಹೇಳದಿದ್ದರೆ ಈ ಬರಹ ಪ್ರಾಮಾಣಿಕವಾಗಲಾರದು. ಕೆಲವು ವರ್ಷಗಳ ಹಿಂದೆ ಪರಿಚಿತರೊಬ್ಬರಿಂದ ಒಂದು ಜೋಡಿ ಟರ್ಕಿ ಕೋಳಿಗಳನ್ನು ತಂದೆ. ಈ ಹಕ್ಕಿಯ ಚರಿತ್ರೆಯೇ ವಿಚಿತ್ರವಾದದ್ದು. ಇದರ ತವರು ಮೆಕ್ಸಿಕೋ ದೇಶ. ಹದಿನಾರನೆಯ ಶತಮಾನದ ಆರಂಭದಲ್ಲಿ ಯುರೋಪಿಗೆ ಬಂದಾಗ ಇಂಗ್ಲಿಷರು ಅದನ್ನು ತುರ್ಕಿಯ ಹಕ್ಕಿಯೆಂದರು, ಫ್ರೆಂಚರು ಹಿಂದೂದೇಶದ ಕೋಳಿಯೆಂದರು, ತುರ್ಕರೂ ಅದನ್ನು ಹಿಂದೂದೇಶದ್ದೆಂದೇ ಕರೆದರು. ನಮ್ಮ ದೇಶದಲ್ಲಿ 1612ರಲ್ಲಿ ಗೋವೆಯಿಂದ ತಂದ ಟರ್ಕಿಯೊಂದನ್ನು ಜಹಾಂಗೀರ್ ಬಾದಶಹನು ನೋಡಿ ಬೆರಗಾಗಿ ತನ್ನ ಆತ್ಮಕಥೆಯಲ್ಲಿ ವರ್ಣಿಸಿದನು. ಅವನ ಆಸ್ಥಾನದ ಚಿತ್ರಕಾರ ಉಸ್ತಾದ್ ಮನ್ಸೂರನು ಅದರ ಚಿತ್ರ ಬರೆದನು. ಎಲ್ಲರೂ ಪರದೇಶದ್ದೆಂದೇ ಕರೆದ ಈ ಹಕ್ಕಿ ನಮ್ಮ ಹಿತ್ತಿಲಿಗೆ ಬಂದಾಗ ಕೇರಿಯ ಮಕ್ಕಳಿಗೆ ಅದೊಂದು ಜಾತ್ರೆಯಾಯಿತು. ನನಗೆ ಅಭಿಮಾನವಾಯಿತು.

ಟರ್ಕಿ ಹೇಂಟೆ ಮೊಟ್ಟೆಯಿಟ್ಟಿತು, ಆದರೆ ಕಾವಿಗೆ ನೆಟ್ಟಗೆ ಕೂಡಲಿಲ್ಲ. ನಮ್ಮ ಮನೆಯಾಕೆ ಆರು ಮೊಟ್ಟೆಗಳನ್ನು ಒಂದು ಜವಾರಿ ಹೇಂಟೆಯ ಕೆಳಗಿಟ್ಟಳು. ಟರ್ಕಿ ಮೊಟ್ಟೆ ಮರಿಯಾಗಲು ಇಪ್ಪತ್ತೆಂಟು ದಿನ ಬೇಕು. ತನ್ನ ಜಾತಿಯ ಲೆಕ್ಕದಂತೆ ಇಪ್ಪತ್ತೊಂದನೆಯ ದಿನ ಎದ್ದು ಹೋಗಬಹುದಾಗಿದ್ದ ಆ ಹೇಂಟೆ ಇನ್ನೂ ಒಂದು ವಾರ ಅಲ್ಲಿಯೇ ಕುಳಿತಿತು. ಐದು ಮರಿಗಳಾದವು. ಟರ್ಕಿ ಮರಿಗಳಿಗೆ ಮೊದಲ ದಿನಗಳಲ್ಲಿ ಕಾಳನ್ನು ಹುಡುಕಿ ತಿನ್ನುವುದೂ ತಿಳಿಯುವುದಿಲ್ಲ, ಆಹಾರ ಎದುರಿಗಿದ್ದರೂ ಹಸಿವಿನಿಂದ ಸಾಯುವುದುಂಟು. ಬೇಯಿಸಿದ ಮೊಟ್ಟೆಯನ್ನು ಪುಡಿಮಾಡಿ ತಿನ್ನಿಸಬೇಕು, ಕುಡಿಯುವ ನೀರಿಗೆ ಹಾಲು ಬೆರೆಸಿಡಬೇಕು. ಸಾಕುತಾಯಿ ಕೋಳಿಯಂತೂ ಕೆದಕಿ ತೋರಿಸಿ, ಕರೆದು ಕರೆದು ತಿನ್ನಲು ಕಲಿಸಿತು. ಬೇರೆ ಜಾತಿಯ ಮರಿಯೆಂಬ ಭೇದ ಅದಕ್ಕಿರಲಿಲ್ಲ. ಅದನ್ನು ನೋಡುತ್ತಾ ನಾವು ಬಹಳ ಸಂತೋಷಪಟ್ಟೆವು.

ಎರಡು ತಿಂಗಳು ತುಂಬುವಷ್ಟರಲ್ಲಿ ಮರಿಗಳು ರೆಕ್ಕೆ ಇಳಿಬಿಟ್ಟು ನಿಲ್ಲತೊಡಗಿದವು. ಗಂಧಕದಂತಹ ಹಳದಿ ಬಣ್ಣದ ಹಿಕ್ಕೆ ಹಾಕಿದವು. ಹತ್ತು ದಿನಗಳಲ್ಲಿ ನಾಲ್ಕು ಮರಿಗಳು ಸತ್ತವು. ಪಶುವೈದ್ಯರು ಒಂದನ್ನು ಕೊಯ್ದು ಪಿತ್ತಕೋಶದ ಪಕ್ಕದ ಯಕೃತ್ತಿನ ಮೇಲೆ ಬಿದ್ದಿದ್ದ ದುಂಡನೆಯ ಗುಳಿಗಳನ್ನು ತೋರಿಸಿ, ಇದು ಕಪ್ಪುತಲೆ ರೋಗ ಎಂದರು. ಕೋಳಿಯ ಕರುಳಿನ ಒಂದು ಹುಳುವಿನ ಮೊಟ್ಟೆಯೊಳಗೆ ಈ ರೋಗದ ಸೂಕ್ಷ್ಮಜೀವಿ ಇರುತ್ತದೆ. ಕೋಳಿಗೆ ಅದರಿಂದ ಹೆಚ್ಚಿನ ತೊಂದರೆಯಿಲ್ಲ, ಟರ್ಕಿಗೆ ಅದು ಮರಣ. ಕೋಳಿ ತಿರುಗಾಡಿದ ಮಣ್ಣಿನಲ್ಲಿ ಅದು ವರ್ಷಗಟ್ಟಲೆ ಉಳಿಯುತ್ತದೆ. ಆದ್ದರಿಂದಲೇ ಕೋಳಿಗಳನ್ನೂ ಟರ್ಕಿಗಳನ್ನೂ ಒಂದೇ ನೆಲದಲ್ಲಿ ಸಾಕಬಾರದೆಂಬ ನಿಯಮವಿದೆ. ಆ ನಿಯಮ ನನಗೆ ತಿಳಿದಿರಲಿಲ್ಲ. ತಿಳಿದುಕೊಳ್ಳುವ ಪ್ರಯತ್ನವನ್ನೂ ನಾನು ಮಾಡಿರಲಿಲ್ಲ ಎಂಬುದೇ ನಿಜವಾದ ತಪ್ಪು. ಆ ಹೇಂಟೆ ತನ್ನ ಪ್ರೀತಿಯಲ್ಲಿ ನಿರ್ದೋಷಿ, ಅದಕ್ಕೆ ಓದಲು ಬಾರದು. ನನಗೆ ಬರುತ್ತದೆ. ನಾನು ಹಬ್ಬಕ್ಕೆ ಕೊಯ್ದ ಯಾವ ಹುಂಜಕ್ಕಿಂತಲೂ ನನ್ನ ಅಜ್ಞಾನದಿಂದ ಸತ್ತ ಆ ನಾಲ್ಕು ಮರಿಗಳು ಇಂದಿಗೂ ನನ್ನ ಮನಸ್ಸನ್ನು ಹೆಚ್ಚಾಗಿ ಚುಚ್ಚುತ್ತವೆ.

ಅದಾದ ಮೇಲೆ ಟರ್ಕಿಗಳ ಬಗ್ಗೆ ಹೆಚ್ಚು ಓದಿದೆ. ಪಾಶ್ಚಾತ್ಯ ದೇಶಗಳಲ್ಲಿ ಮಾಂಸಕ್ಕೆಂದು ಬೆಳೆಸಿದ ಅಗಲ ಎದೆಯ ಟರ್ಕಿಗಳಲ್ಲಿ ಗಂಡು ಎಷ್ಟು ಭಾರವಾಗಿರುತ್ತದೆಂದರೆ, ಅದು ಸಹಜವಾಗಿ ಹೆಣ್ಣಿನೊಡನೆ ಕೂಡಲಾರದು. ಕೃತಕ ಗರ್ಭಧಾರಣೆಯಿಂದಲೇ ಆ ವಂಶ ಮುಂದುವರಿಯಬೇಕು. ಮನುಷ್ಯನ ಕೈ ಒಂದು ವರ್ಷ ನಿಂತರೆ ಆ ತಳಿ ಅಳಿದುಹೋಗುತ್ತದೆ. ಸೃಷ್ಟಿಯ ಮೇಲಿನ ಆಳ್ವಿಕೆಯನ್ನು ಮನುಷ್ಯನಿಗೆ ವಹಿಸಲಾಗಿದೆ ಎಂದು ನಾವು ನಂಬುತ್ತೇವೆ. ಆಳುವವನು ತನ್ನ ಪ್ರಜೆಯನ್ನು ತಾನಿಲ್ಲದೆ ಹುಟ್ಟಲೂ ಆಗದಂತೆ ಮಾಡಿದರೆ ಅದು ಆಳ್ವಿಕೆಯೋ, ಸುಲಿಗೆಯೋ?

ಧರ್ಮೋಪದೇಶಕಾಂಡದ 22ನೆಯ ಅಧ್ಯಾಯದಲ್ಲಿ ಒಂದು ಸಣ್ಣ ಆಜ್ಞೆಯಿದೆ. ದಾರಿಯಲ್ಲಿ ಹಕ್ಕಿಯ ಗೂಡು ಸಿಕ್ಕಿ, ತಾಯಿ ತನ್ನ ಮೊಟ್ಟೆ ಅಥವಾ ಮರಿಗಳ ಮೇಲೆ ಕುಳಿತಿದ್ದರೆ, ಮರಿಗಳನ್ನು ತೆಗೆದುಕೊಳ್ಳಬಹುದು, ತಾಯಿಯನ್ನು ಬಿಟ್ಟುಬಿಡಬೇಕೆಂಬುದು ಅದರ ಸಾರ. ಹಾಗೆ ಮಾಡಿದವನಿಗೆ ಕ್ಷೇಮವೂ ದೀರ್ಘಾಯುಷ್ಯವೂ ಉಂಟಾಗುವುದೆಂಬ ಆಶ್ವಾಸನೆಯಿದೆ. ತಂದೆತಾಯಿಯನ್ನು ಗೌರವಿಸಬೇಕೆಂಬ ಆಜ್ಞೆಗೂ ಇದೇ ಆಶ್ವಾಸನೆ ಸಿಕ್ಕಿದೆ. ಎರಡು ಆಜ್ಞೆಗಳನ್ನು ಪಕ್ಕದಲ್ಲಿಟ್ಟು ನೋಡಿದಾಗ ನನಗೆ ಆಶ್ಚರ್ಯವಾಯಿತು. ಈ ಆಜ್ಞೆಯು ತಿನ್ನಬೇಡವೆನ್ನಲಿಲ್ಲ. ತಿನ್ನುವವನ ಕೈಗೆ ಒಂದು ಮಿತಿ ಹಾಕಿತು. ಆ ಹಕ್ಕಿಯ ತಾಯ್ತನವನ್ನೇ ಬಲೆಯಾಗಿ ಬಳಸಬೇಡ ಎಂದಿತು. ಮರಿ ಬಿಟ್ಟು ಹಾರಲಾರದ ತಾಯಿಯನ್ನು ಹಿಡಿಯುವುದು ಸುಲಭ, ಆ ಸುಲಭವನ್ನು ಬಿಟ್ಟುಕೊಡುವುದೇ ಧರ್ಮ. ಯೇಸುಸ್ವಾಮಿ ಜೆರುಸಲೇಮಿಗಾಗಿ ದುಃಖಿಸುವಾಗ ತಮ್ಮನ್ನು ಹೋಲಿಸಿಕೊಂಡದ್ದು ಸಿಂಹಕ್ಕಲ್ಲ, ಹದ್ದಿಗಲ್ಲ. ರೆಕ್ಕೆಯ ಅಡಿಯಲ್ಲಿ ಮರಿಗಳನ್ನು ಕೂಡಿಸಿಕೊಳ್ಳುವ ಹೇಂಟೆಗೆ. ಅಂತಹ ಹೋಲಿಕೆ ಹುಟ್ಟಲು ಕಾವಿಗೆ ಕೂಡುವ ಹೇಂಟೆಯೊಂದು ಅಂದಿನ ಹಿತ್ತಿಲಿನಲ್ಲಿ ಇರಬೇಕಾಗಿತ್ತು. ರೆಕ್ಕೆ ಬಿಚ್ಚಲೂ ಸ್ಥಳವಿಲ್ಲದ ಪಂಜರದಲ್ಲಿರುವ, ಮರಿಯ ಮುಖವನ್ನೇ ನೋಡದ ಹೇಂಟೆಯನ್ನು ಮಾತ್ರ ಬಲ್ಲ ಮಕ್ಕಳಿಗೆ ನಾಳೆ ಈ ಮಾತನ್ನು ಹೇಗೆ ವಿವರಿಸುವುದು?

ದ್ರೋಹದ ಪ್ರಶ್ನೆಗೆ ನನಗೆ ಸ್ವಲ್ಪ ಬೆಳಕು ದೊರೆತದ್ದು ಪುಸ್ತಕದಿಂದಲ್ಲ. 2020ರ ಅಕ್ಟೋಬರಿನಲ್ಲಿ ಭೀಮೆ ಉಕ್ಕಿ ಹರಿದು ಅಫಜಲಪುರ ತಾಲ್ಲೂಕಿನ ನದೀತೀರದ ಊರುಗಳಿಗೆ ನೀರು ನುಗ್ಗಿತು, ಘತ್ತರಗಿಯ ಸೇತುವೆ ಮುಳುಗಿತು. ಜನರು ಕೈಗೆ ಸಿಕ್ಕದ್ದನ್ನು ಹೊತ್ತು ಎತ್ತರದ ಕಡೆ ನಡೆದರು. ನಮ್ಮ ನೆರೆಯ ಮುದುಕಿಯೊಬ್ಬಳು ಜೋಳದ ಚೀಲವನ್ನು ಬಿಟ್ಟು, ಕಾವಿಗೆ ಕುಳಿತಿದ್ದ ಹೇಂಟೆಯನ್ನು ಬುಟ್ಟಿ ಸಮೇತ ತಲೆಯ ಮೇಲೆ ಹೊತ್ತು ಬಂದಳು. "ಕಾಳು ಮತ್ತ ಬೆಳೀತದರೀ. ಇದು ಕುಂತದ, ಎದ್ದು ಹೋಗಲ್ಲ. ನಾ ಬಿಟ್ರ ಅಲ್ಲೇ ಮುಳಗ್ತಿತ್ತು" ಎಂದಳು. ಆ ಹೇಂಟೆಯ ಮರಿಗಳು ದೊಡ್ಡವಾದವು. ಮುಂದಿನ ವರ್ಷ ಅದೇ ಮುದುಕಿ ಆ ಹುಂಜಗಳನ್ನು ಮಾರಿದಳು, ಒಂದನ್ನು ಬೀಗರು ಬಂದಾಗ ಅಡಿಗೆ ಮಾಡಿದಳು. ಆಕೆಯ ನಡತೆಯಲ್ಲಿ ಆಕೆಗೆ ವಿರೋಧ ಕಾಣಲಿಲ್ಲ. ಮೊದಲು ನನಗೆ ಕಂಡಿತು. ಯೋಚಿಸಿದಂತೆ ತಿಳಿಯಿತು, ಆಕೆ ಆ ಜೀವಗಳಿಗೆ ಎಂದೂ ಸುಳ್ಳು ಹೇಳಿರಲಿಲ್ಲ. ಬದುಕಿರುವಷ್ಟು ದಿನ ಅವು ಕೋಳಿಗಳಾಗಿಯೇ ಬದುಕಿದವು. ಕೆದಕಿದವು, ಧೂಳಿನಲ್ಲಿ ಹೊರಳಿದವು, ತಾಯಿಯ ರೆಕ್ಕೆಯಡಿ ಮಲಗಿದವು. ಆಕೆ ತೆಗೆದುಕೊಂಡದ್ದು ಅವುಗಳ ಕೊನೆಯನ್ನು. ಅವುಗಳ ಬದುಕನ್ನೆಲ್ಲ ಅಲ್ಲ.

ಇಷ್ಟರಿಂದ ಕೊಲ್ಲುವವನು ಸಂಪೂರ್ಣ ನಿರ್ದೋಷಿಯಾದನೆಂದು ನಾನು ಹೇಳುವುದಿಲ್ಲ. ಮಾಂಸವನ್ನೇ ತ್ಯಜಿಸಿದವರ ಮಾತಿನಲ್ಲಿ ತಳ್ಳಿಹಾಕಲಾಗದ ಸತ್ಯವಿದೆ, ಅವರ ಮುಂದೆ ನಾನು ತಲೆಬಾಗುತ್ತೇನೆ. ಆದರೆ ತಿನ್ನುವ ನಾವು ಕನಿಷ್ಠ ಯಾವುದಕ್ಕೆ ಋಣಿಗಳೆಂಬುದನ್ನು ಅರಿಯಬಹುದು. 1992ರಲ್ಲಿ ಪ್ರಕಟವಾದ ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥವೂ ಪ್ರಾಣಿಗಳನ್ನು ಆಹಾರಕ್ಕಾಗಿ ಬಳಸಲು ಅನುಮತಿಸುತ್ತದೆ, ಜೊತೆಗೆ ಅವುಗಳಿಗೆ ಅನಗತ್ಯವಾಗಿ ನೋವು ಕೊಡುವುದು ಮನುಷ್ಯನ ಘನತೆಗೇ ಕುಂದೆನ್ನುತ್ತದೆ. ಈ ಅನಗತ್ಯ ನೋವು ನಮ್ಮ ಕಣ್ಣೆದುರೇ ಇದೆ. ಸಂತೆಯಿಂದ ಕೋಳಿಗಳನ್ನು ಕಾಲು ಕಟ್ಟಿ ತಲೆಕೆಳಗಾಗಿ ಸೈಕಲ್ಲಿಗೆ, ಮೋಟಾರ್ ಸೈಕಲ್ಲಿಗೆ ತೂಗುಹಾಕಿಕೊಂಡು ಬರುತ್ತೇವೆ. ಹಕ್ಕಿಗಳಿಗೆ ನಮ್ಮಂತೆ ಎದೆ ಹೊಟ್ಟೆಗಳ ನಡುವೆ ವಪೆಯ ಪರದೆಯಿಲ್ಲ. ತಲೆಕೆಳಗಾದಾಗ ಕರುಳಿನ ಭಾರವೆಲ್ಲ ಉಸಿರಿನ ಅಂಗಗಳ ಮೇಲೆ ಬೀಳುತ್ತದೆ. ನೋವಾಗುವಂತೆ ಪ್ರಾಣಿಗಳನ್ನು ಸಾಗಿಸುವುದು 1960ರ ಪ್ರಾಣಿಹಿಂಸೆ ತಡೆ ಕಾಯಿದೆಯಂತೆ ಅಪರಾಧವೂ ಹೌದು. ಒಂದು ಬುಟ್ಟಿ ಒಯ್ಯಲು ನಮಗೆ ಏನು ಕಷ್ಟ?

ಕೊಕ್ಕರೆ ರೋಗಕ್ಕೆ ಲಸಿಕೆಯಿದೆ. ಮರಿಗೆ ಮೊದಲ ವಾರದಲ್ಲೊಮ್ಮೆ, ಎರಡು ತಿಂಗಳಾದಾಗ ಮತ್ತೊಮ್ಮೆ ಹಾಕಿಸಿದರೆ ಒಂದೇ ವಾರದಲ್ಲಿ ಕೇರಿಯ ಕೋಳಿಗಳೆಲ್ಲ ಕತ್ತು ತಿರುಚಿಕೊಂಡು ಸಾಯುವ ದೃಶ್ಯವನ್ನು ತಪ್ಪಿಸಬಹುದು. ಬೇಸಿಗೆಯಲ್ಲಿ ಕೋಳಿಗೆ ಬೆವರುವ ಶಕ್ತಿಯಿಲ್ಲ, ಬಾಯ್ತೆರೆದು ಏದುಸಿರು ಬಿಡುತ್ತದೆ. ಗಿಡದ ನೆರಳಿನಲ್ಲಿ ಒಂದು ಮಣ್ಣಿನ ಪಾತ್ರೆಯ ತಣ್ಣೀರು ಅದಕ್ಕೆ ಜೀವ. ನೋಡಿಕೊಳ್ಳಲಾಗುವಷ್ಟೇ ಮರಿ ಮಾಡಿಸಬೇಕು. ಕೊಯ್ಯುವಾಗ ಹರಿತವಾದ ಚೂರಿಯಿರಬೇಕು, ಬೇರೆ ಕೋಳಿಗಳ ಎದುರಿನಲ್ಲಿ ಆಗಬಾರದು, ತಮಾಷೆ ಸಲ್ಲದು. ಕೊಯ್ದದ್ದರಲ್ಲಿ ಏನನ್ನೂ ಎಸೆಯಬಾರದು. ಇವೆಲ್ಲ ದೊಡ್ಡ ತತ್ತ್ವಗಳಲ್ಲ. ಆದರೆ ಹೊಣೆಯೆಂಬುದು ಹಿತ್ತಿಲಿನಲ್ಲಿ ಇಂತಹ ಸಣ್ಣ ರೂಪದಲ್ಲಿಯೇ ಸಿಗುತ್ತದೆ. ಅಂಗಡಿಯಿಂದ ಕೊಳ್ಳುವವರಿಗೂ ಒಂದು ಕರ್ತವ್ಯವಿದೆ. ಈ ಹಕ್ಕಿ ಎಲ್ಲಿ, ಹೇಗೆ ಬದುಕಿತ್ತೆಂದು ಕೇಳುವುದು, ಅಗ್ಗದ ಬೆಲೆಯ ಉಳಿದರ್ಧವನ್ನು ಯಾರು ತೆತ್ತರೆಂದು ಯೋಚಿಸುವುದು, ಸಾಧ್ಯವಾದಲ್ಲಿ ಕಡಿಮೆ ತಿನ್ನುವುದು.

ಆ ಸಂಜೆ ನಾನು ಮೊಮ್ಮಗಳ ಪಕ್ಕದಲ್ಲಿ ಕುಳಿತು ಹನ್ನೊಂದು ಮೊಟ್ಟೆಗಳಿಂದ ಆರಂಭಿಸಿ ಈ ಲೆಕ್ಕವನ್ನೆಲ್ಲ ಹೇಳಿದೆ. ಹೌದು, ಜೋಳ ಹಾಕಿದವನೂ ನಾನೇ, ಕೊಯ್ಯುವವನೂ ನಾನೇ ಎಂದು ಒಪ್ಪಿಕೊಂಡೆ. ಕೊಯ್ಯುವವನು ಬೇರೆಯವನಾಗಿದ್ದರೆ ಇವಕ್ಕೆ ಸಾಕಷ್ಟು ನೀರು ಸಿಕ್ಕಿತ್ತೋ ಇಲ್ಲವೋ ನನಗೆ ತಿಳಿಯುತ್ತಿರಲಿಲ್ಲ ಎಂದೆ. ಮತ್ತೊಂದು ಸಂಗತಿಯನ್ನೂ ವಿವರಿಸಿದೆ. ಒಂದೇ ಹಿತ್ತಿಲಿನ ಹುಂಜ ತನ್ನ ಅಕ್ಕತಂಗಿಯರೊಡನೆ ಕೂಡಿದರೆ ಸಂತಾನ ಬಲಹೀನವಾಗುತ್ತದೆ. ಆದ್ದರಿಂದ ಹಿರಿಯರು ಒಂದು ಒಳ್ಳೆಯ ಹುಂಜವನ್ನು ಬೇರೆ ಊರಿಗೆ ಕೊಟ್ಟು, ಅಲ್ಲಿಯದನ್ನು ತರುತ್ತಿದ್ದರು. ನಾಲ್ಕರಲ್ಲಿ ಒಂದನ್ನು ಹಾಗೆ ಕೊಡುವುದಿದೆ, ಯಾವುದೆಂದು ನೀನೇ ಹೇಳು ಎಂದೆ. ಆಕೆ ಬಹಳ ಹೊತ್ತು ನೋಡಿದಳು. ಉಳಿದ ಮೂರನ್ನು ಉಳಿಸಲಾಗದೆಂಬುದು ಆಕೆಗೆ ಅರ್ಥವಾಗಿತ್ತೆಂದು ಆಕೆಯ ಮುಖ ಹೇಳುತ್ತಿತ್ತು. ಕೊನೆಗೆ ಕೆಂಪು ಬೆನ್ನಿನ ಹುಂಜವನ್ನು ತೋರಿಸಿದಳು.

ಮರುದಿನ ಬೆಳಿಗ್ಗೆ ಬಲಿಪೂಜೆಯಿಂದ ಬಂದ ಮೇಲೆ ಮೂರು ಹುಂಜಗಳನ್ನು ಕೊಯ್ದೆವು. ಒಂದು ಪಾಲು ನೆರೆಯ ಮುದುಕಿಯ ಮನೆಗೆ ಹೋಯಿತು. ಮೊಮ್ಮಗಳು ಅಂದು ಮಾಂಸ ತಿನ್ನಲಿಲ್ಲ, ಯಾರೂ ಒತ್ತಾಯಿಸಲೂ ಇಲ್ಲ. ಹಬ್ಬ ಕಳೆದ ಮೂರನೆಯ ದಿನ ಕೆಂಪು ಬೆನ್ನಿನ ಹುಂಜವನ್ನು ಬುಟ್ಟಿಯಲ್ಲಿ ಮುಚ್ಚಿಕೊಂಡು ಇಬ್ಬರೂ ಸೇತುವೆ ದಾಟಿ ಹೊಳೆಯಾಚೆಯ ಪರಿಚಿತರ ಮನೆಗೆ ಹೋದೆವು. ಬುಟ್ಟಿಯನ್ನು ಆಕೆಯೇ ಹಿಡಿದಿದ್ದಳು. ಬರುವಾಗ ಅದರಲ್ಲಿ ಬೇರೊಂದು ಹುಂಜವಿತ್ತು. ಮನೆ ತಲುಪಿದ ಕೂಡಲೇ ಅದಕ್ಕೆ ನೀರಿಟ್ಟಳು. ಆಮೇಲೆ ನನ್ನನ್ನು ಕೇಳಿದಳು, "ಮುತ್ಯಾ, ಮುಂದಿನ ಮಳಿಗಾಲಕ್ಕ ಎಷ್ಟು ತತ್ತಿ ಕಾವಿಗಿಡೋಣು?" ಹಿಂದೆಲ್ಲ ನಾನು ಹೇಂಟೆಯ ರೆಕ್ಕೆಯಡಿ ಹಿಡಿಯುವಷ್ಟೂ ಇಡುತ್ತಿದ್ದೆ. ಈ ಸಲ ಆ ಸಂಖ್ಯೆಯನ್ನು ಇಬ್ಬರೂ ಕೂಡಿಯೇ ಯೋಚಿಸಬೇಕೆಂದು ಆಕೆಗೆ ಹೇಳಿದ್ದೇನೆ.